ರೈಲಿಗೆ ಜಲಜನಕವೋ, ವಿದ್ಯುತ್ತಂತಿಯೋ?

ಕಾಲೇಜಿನ ಪ್ರಯೋಗಶಾಲೆಯಲ್ಲಿ ನೀರಿನ ವಿದ್ಯುದ್ವಿಭಜನೆಯನ್ನು ತೋರಿಸುವ ದಿನ ನಮ್ಮ ವಿದ್ಯಾರ್ಥಿಗಳಿಂದ ತಪ್ಪದೆ ಬರುವ ಪ್ರಶ್ನೆಯೊಂದುಂಟು. ಪ್ರಯೋಗ ಸರಳವಾದುದು. ಗಾಜಿನ ಪಾತ್ರೆಯಲ್ಲಿ ತುಸು ಆಮ್ಲ ಬೆರೆಸಿದ ನೀರು. ಅದರಲ್ಲಿ ಮುಳುಗಿರುವ ಎರಡು ಪ್ಲಾಟಿನಂ ತಗಡುಗಳು. ಅವುಗಳ ಮೇಲೆ ಬೋರಲಾಗಿ ನಿಲ್ಲಿಸಿದ ಎರಡು ನಳಿಗೆಗಳು. ವಿದ್ಯುತ್ತನ್ನು ಹರಿಯಗೊಟ್ಟೊಡನೆ ತಗಡುಗಳಿಂದ ಗುಳ್ಳೆಗಳೇಳುವುವು. ಒಂದು ನಳಿಗೆಯಲ್ಲಿ ಸೇರುವ ಅನಿಲ ಇನ್ನೊಂದರಲ್ಲಿ ಸೇರುವುದರ ಎರಡರಷ್ಟಿರುವುದು. ಹೆಚ್ಚಾಗಿ ಸೇರಿದ ಅನಿಲಕ್ಕೆ ಉರಿಯುವ ಕಡ್ಡಿಯನ್ನು ಹಿಡಿದರೆ ಅದು ‘ಪಟ್’ ಎಂದು ಸದ್ದುಮಾಡಿ ಹೊತ್ತಿಕೊಳ್ಳುವುದು. ನಳಿಗೆಯ ಒಳಮೈಯಲ್ಲಿ ಸಣ್ಣ ನೀರಹನಿಗಳು ಮಂಜಿನಂತೆ ಕೂಡುವುವು. ಅದೇ ಜಲಜನಕ.

ಆಗ ಹಿಂದಿನ ಬೆಂಚಿನಿಂದ ಯಾರಾದರೊಬ್ಬರು ಎದ್ದು ಕೇಳುತ್ತಾರೆ: “ಸಾರ್, ನೀರಿನಿಂದ ಜಲಜನಕ ಬರುತ್ತದೆ, ಜಲಜನಕ ಉರಿದರೆ ಮತ್ತೆ ನೀರೇ ಬರುತ್ತದೆ. ಹಾಗಾದರೆ ರೈಲನ್ನು ನೀರಿನಿಂದಲೇ ಓಡಿಸಬಹುದಲ್ಲ? ಊರೂರಿಗೂ ಕಂಬ ನೆಟ್ಟು ತಂತಿ ಎಳೆಯುವ ಖರ್ಚು ಏಕೆ?”

ಇದು ಹುಡುಗತನದ ಪ್ರಶ್ನೆಯಲ್ಲ. ಜರ್ಮನಿಯಲ್ಲಿ ಜಲಜನಕದ ಪ್ರಯಾಣಿಕ ರೈಲು ೨೦೧೮ರಲ್ಲಿಯೇ ಓಡಿತು. ನಮ್ಮ ದೇಶದಲ್ಲಿಯೂ ಅಂತಹುದೊಂದನ್ನು ಕಟ್ಟಿ ಪರೀಕ್ಷಿಸಲಾಗಿದೆ. “ನೀರಿನಿಂದ ಓಡುವ ರೈಲು” ಎಂಬ ಮಾತು ಜನರ ಬಾಯಲ್ಲಿಯೂ ಪತ್ರಿಕೆಗಳ ತಲೆಬರಹಗಳಲ್ಲಿಯೂ ಕೇಳಿಬರುತ್ತಿದೆ. ಒಂದು ಮಾರ್ಗಕ್ಕೆ ತಂತಿಯನ್ನು ಹಾಕಬೇಕೆ, ಜಲಜನಕದ ಗಾಡಿಯನ್ನು ಕೊಳ್ಳಬೇಕೆ ಎಂಬ ನಿರ್ಧಾರದ ಹಿಂದೆ ನೂರಾರು ಕೋಟಿ ರೂಪಾಯಿಗಳ ಸಾರ್ವಜನಿಕ ಹಣವಿದೆ. ಒಮ್ಮೆ ಕೈಗೊಂಡ ನಿರ್ಧಾರವು ಮೂವತ್ತು ನಲವತ್ತು ವರ್ಷಗಳ ಕಾಲ ನಮ್ಮನ್ನು ಕಟ್ಟಿಹಾಕುವುದು. ಆದುದರಿಂದ ಈ ಎರಡು ವಿಧಾನಗಳನ್ನೂ ಭೌತವಿಜ್ಞಾನದ ತಕ್ಕಡಿಯಲ್ಲಿಟ್ಟು ತೂಗಿ ನೋಡುವುದು ಉಪಯುಕ್ತವೆಂದು ನಾವು ಭಾವಿಸುತ್ತೇವೆ.

ನೀರು ಸೌದೆಯಲ್ಲ, ಬೂದಿ

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸಿಕೊಳ್ಳಬೇಕು. ಸೌದೆ ಉರಿದರೆ ಬೂದಿ ಉಳಿಯುತ್ತದೆ. ಬೂದಿಯನ್ನು ಮತ್ತೆ ಒಲೆಗಿಟ್ಟರೆ ಅದು ಉರಿಯುವುದಿಲ್ಲ. ಏತಕ್ಕೆಂದರೆ ಅದರಲ್ಲಿದ್ದ ಶಕ್ತಿ ಆಗಲೇ ಹೊರಬಿದ್ದಿದೆ. ನೀರೂ ಹಾಗೆಯೇ. ಅದು ಜಲಜನಕ ಉರಿದು ಉಳಿದ ಬೂದಿ. ಆ ಬೂದಿಯಿಂದ ಮತ್ತೆ ಸೌದೆಯನ್ನು ಮಾಡಬೇಕಾದರೆ, ಉರಿಯುವಾಗ ಹೊರಬಂದಷ್ಟು ಶಕ್ತಿಯನ್ನಾದರೂ ನಾವು ಹೊರಗಿನಿಂದ ಒದಗಿಸಲೇಬೇಕು. ಪ್ರಯೋಗಶಾಲೆಯಲ್ಲಿ ಆ ಶಕ್ತಿಯನ್ನು ಒದಗಿಸಿದ್ದು ಮೇಜಿನ ಮೇಲಿದ್ದ ಬ್ಯಾಟರಿ. ರೈಲಿನ ವಿಷಯದಲ್ಲಿ ಅದನ್ನು ಒದಗಿಸುವುದು ಎಲ್ಲೋ ಇರುವ ವಿದ್ಯುದಾಗಾರ.

ಹೀಗಾಗಿ ಜಲಜನಕವು ಕಲ್ಲಿದ್ದಲಿನಂತೆ ನೆಲದಿಂದ ಅಗೆದು ತೆಗೆದು ನೇರವಾಗಿ ಬಳಸುವ ಇಂಧನವಲ್ಲ. ಬೇರೆಡೆ ಹುಟ್ಟಿದ ಶಕ್ತಿಯನ್ನು ತುಂಬಿಡುವ ಪಾತ್ರೆ. ಪ್ರಶ್ನೆಯನ್ನು ಸರಿಯಾಗಿ ಕೇಳುವುದಾದರೆ ಹೀಗೆ ಕೇಳಬೇಕು: ವಿದ್ಯುದಾಗಾರದಲ್ಲಿ ಹುಟ್ಟಿದ ವಿದ್ಯುತ್ತನ್ನು ರೈಲಿನ ಗಾಲಿಗೆ ಮುಟ್ಟಿಸಲು ತಂತಿಯ ದಾರಿ ಮೇಲೋ, ಜಲಜನಕದ ದಾರಿ ಮೇಲೋ?

ಎರಡೂ ವಿದ್ಯುತ್ ರೈಲುಗಳೇ

ಓದುಗರಿಗೆ ಆಶ್ಚರ್ಯವೆನಿಸಬಹುದು, ಆದರೆ ಜಲಜನಕದ ರೈಲೂ ವಿದ್ಯುತ್ ರೈಲೇ. ಅದರಲ್ಲಿ ಜಲಜನಕವನ್ನು ಒಲೆಯಲ್ಲಿ ಉರಿಸುವಂತೆ ಉರಿಸುವುದಿಲ್ಲ. ಇಂಧನ ಕೋಶವೆಂಬ ಸಾಧನದಲ್ಲಿ ಅದು ಗಾಳಿಯ ಆಮ್ಲಜನಕದೊಡನೆ ಜ್ವಾಲೆಯಿಲ್ಲದೆ ಸೇರುತ್ತದೆ. ಕೋಶದ ನಡುವೆ ತೆಳುವಾದ ಪೊರೆಯೊಂದಿರುವುದು. ಪ್ಲಾಟಿನಂ ಲೇಪದ ಸಹಾಯದಿಂದ ಜಲಜನಕದ ಪರಮಾಣು ತನ್ನ ಎಲೆಕ್ಟ್ರಾನನ್ನು ಬಿಟ್ಟುಕೊಡುತ್ತದೆ. ಉಳಿದ ಪ್ರೋಟಾನು ಪೊರೆಯನ್ನು ದಾಟಿಹೋಗುತ್ತದೆ. ಎಲೆಕ್ಟ್ರಾನಿಗೆ ಪೊರೆಯಲ್ಲಿ ದಾರಿಯಿಲ್ಲ. ಅದು ಹೊರಗಿನ ತಂತಿಯಲ್ಲಿ ಸುತ್ತಿಬರಬೇಕು. ಈ ಸುತ್ತಿಬರುವಿಕೆಯೇ ವಿದ್ಯುತ್ ಪ್ರವಾಹ. ಪೊರೆಯ ಆಚೆ ಪ್ರೋಟಾನು, ಎಲೆಕ್ಟ್ರಾನು, ಆಮ್ಲಜನಕ ಮೂರೂ ಕೂಡಿ ನೀರಾಗುವುವು. ನಮ್ಮ ವಿದ್ಯುದ್ವಿಭಜನೆಯ ಪ್ರಯೋಗವನ್ನು ಹಿಂದುಮುಂದಾಗಿ ನಡೆಸಿದಂತೆ ಇದು. ವಿಲಿಯಂ ಗ್ರೋವ್ ಎಂಬ ವಿಜ್ಞಾನಿ ೧೮೩೯ರಷ್ಟು ಹಿಂದೆಯೇ ಇದನ್ನು ಮಾಡಿ ತೋರಿಸಿದ್ದನು. ಇಂತಹ ನೂರಾರು ಕೋಶಗಳನ್ನು ಸಾಲಾಗಿ ಜೋಡಿಸಿ ಪಡೆದ ವಿದ್ಯುತ್ತು ರೈಲಿನ ಮೋಟಾರುಗಳನ್ನು ತಿರುಗಿಸುತ್ತದೆ.

ತಂತಿಯ ರೈಲಿನ ಮೋಟಾರು ಇದಕ್ಕಿಂತ ಬೇರೆಯಲ್ಲ. ಅದಕ್ಕೆ ವಿದ್ಯುತ್ತು ಬರುವುದು ಮಾತ್ರ ಹಳಿಯ ಮೇಲೆ ತೂಗುವ ತಾಮ್ರದ ತಂತಿಯಿಂದ. ಗಾಡಿಯ ನೆತ್ತಿಯ ಮೇಲಿರುವ ಪ್ಯಾಂಟೊಗ್ರಾಫ್ ಎಂಬ ಮಡಿಸುವ ತೋಳು ತಂತಿಯನ್ನು ಸವರುತ್ತ ಹೋಗುತ್ತದೆ. ಹೊರಗಿನಿಂದ ವಿದ್ಯುತ್ತನ್ನು ಪಡೆದು ಓಡುವ ಪುಟ್ಟ ರೈಲನ್ನು ವೆರ್ನರ್ ಫಾನ್ ಸೀಮೆನ್ಸ್ ೧೮೭೯ರಲ್ಲಿ ಬರ್ಲಿನ್ನಿನ ವಸ್ತುಪ್ರದರ್ಶನದಲ್ಲಿ ಓಡಿಸಿ ತೋರಿಸಿದನು. ನಮ್ಮ ದೇಶದಲ್ಲಿ ಮೊದಲನೆಯ ವಿದ್ಯುತ್ ರೈಲು ೧೯೨೫ರ ಫೆಬ್ರವರಿ ೩ರಂದು ಮುಂಬಯಿಯ ವಿಕ್ಟೋರಿಯಾ ಟರ್ಮಿನಸ್ಸಿನಿಂದ ಕುರ್ಲಾಕ್ಕೆ ಹೋಯಿತು. ಆಗಿನ ತಂತಿಯಲ್ಲಿದ್ದುದು ೧,೫೦೦ ವೋಲ್ಟು. ೧೯೫೭ರಲ್ಲಿ ನಮ್ಮ ರೈಲ್ವೆಯು ೨೫,೦೦೦ ವೋಲ್ಟುಗಳ ಪದ್ಧತಿಯನ್ನು ಆರಿಸಿಕೊಂಡಿತು.

ಈ ಹೆಚ್ಚಳದ ಮರ್ಮವನ್ನು ಸುಲಭವಾಗಿ ಗ್ರಹಿಸಬಹುದು. ೪,೦೦೦ ಕಿಲೋವಾಟ್ ಸಾಮರ್ಥ್ಯವನ್ನು ೧,೫೦೦ ವೋಲ್ಟಿನಲ್ಲಿ ಸಾಗಿಸಲು ಸುಮಾರು ೨,೭೦೦ ಆಂಪಿಯರ್ ಪ್ರವಾಹ ಬೇಕು. ೨೫,೦೦೦ ವೋಲ್ಟಿನಲ್ಲಿ ೧೬೦ ಆಂಪಿಯರ್ ಸಾಕು. ತಂತಿಯಲ್ಲಿ ಶಾಖವಾಗಿ ಹೋಗುವ ನಷ್ಟವು ಪ್ರವಾಹದ ವರ್ಗವನ್ನು ಅನುಸರಿಸುವುದರಿಂದ, ಅದೇ ತಂತಿಯಲ್ಲಿ ನಷ್ಟವು ಇನ್ನೂರೆಪ್ಪತ್ತಕ್ಕೂ ಹೆಚ್ಚು ಪಟ್ಟು ತಗ್ಗುತ್ತದೆ. ೧೯೦೨ರಲ್ಲಿ ಶಿವನಸಮುದ್ರದ ಜಲಪಾತದಿಂದ ಸುಮಾರು ೧೪೭ ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತನ್ನು ಮುಟ್ಟಿಸಲು ಸಾಧ್ಯವಾದುದೂ ಈ ತತ್ತ್ವದಿಂದಲೇ.

ನೂರು ಯೂನಿಟ್ಟುಗಳ ಪಯಣ

ಈಗ ಒಂದು ಲೆಕ್ಕವನ್ನು ಮಾಡೋಣ. ವಿದ್ಯುತ್ ಬಿಲ್ಲಿನಲ್ಲಿ ನಾವು ಕಾಣುವ ಯೂನಿಟ್ಟೇ, ಎಂದರೆ ಒಂದು ಕಿಲೋವಾಟ್-ಗಂಟೆಯೇ, ನಮ್ಮ ಅಳತೆಯಾಗಿರಲಿ.

ತಂತಿಯ ದಾರಿಯಲ್ಲಿ ವಿದ್ಯುತ್ತು ರೈಲ್ವೆಯ ಉಪಕೇಂದ್ರವನ್ನೂ ಮೇಲಿನ ತಂತಿಯನ್ನೂ ಹಾದು, ಗಾಡಿಯೊಳಗಿನ ಟ್ರಾನ್ಸ್‌ಫಾರ್ಮರನ್ನೂ ನಿಯಂತ್ರಣ ಯಂತ್ರಗಳನ್ನೂ ದಾಟಿ ಮೋಟಾರನ್ನು ಸೇರುತ್ತದೆ. ಪ್ರತಿಯೊಂದು ಹಂತದಲ್ಲಿಯೂ ಅಷ್ಟಿಷ್ಟು ಸೋರುತ್ತದೆ. ಆದರೂ ನೂರು ಯೂನಿಟ್ಟು ಹೊರಟರೆ ಸುಮಾರು ೭೫ರಿಂದ ೮೦ ಯೂನಿಟ್ಟು ಗಾಲಿಯನ್ನು ಮುಟ್ಟುತ್ತದೆ.

ಜಲಜನಕದ ದಾರಿಯನ್ನು ನೋಡೋಣ. ಇಲ್ಲಿ ಪ್ರಕೃತಿಯೇ ಒಂದು ಸುಂಕವನ್ನು ವಿಧಿಸುತ್ತದೆ. ನೀರನ್ನು ಒಡೆಯಲು ಸಿದ್ಧಾಂತದ ಪ್ರಕಾರ ೧.೨೩ ವೋಲ್ಟು ಸಾಕು. ಆದರೆ ಕಾರ್ಖಾನೆಯಲ್ಲಿ ಸಾಕಷ್ಟು ವೇಗವಾಗಿ ಒಡೆಯಬೇಕಾದರೆ ಸುಮಾರು ೧.೯ ವೋಲ್ಟು ಕೊಡಬೇಕಾಗುತ್ತದೆ. ಇಂಧನ ಕೋಶದಿಂದ ಸಿದ್ಧಾಂತದ ಪ್ರಕಾರ ಅದೇ ೧.೨೩ ವೋಲ್ಟು ಹಿಂದಕ್ಕೆ ಬರಬೇಕು; ಆದರೆ ಹೊರೆ ಎಳೆಯುವಾಗ ಸಿಗುವುದು ಸುಮಾರು ೦.೭ ವೋಲ್ಟು ಮಾತ್ರ. ಒಡೆಯುವಾಗ ಪರಮಾಣುವೊಂದಕ್ಕೆ ಒಂದು ಎಲೆಕ್ಟ್ರಾನು, ಕೂಡುವಾಗಲೂ ಒಂದೇ. ಎಣಿಕೆ ಸಮನಾಗಿದ್ದು ವೋಲ್ಟು ಮಾತ್ರ ಇಳಿದಿರುವುದರಿಂದ, ೧.೯ ಕೊಟ್ಟು ೦.೭ನ್ನು ಪಡೆದಂತಾಯಿತು. ಎಂದರೆ ಕೋಶಗಳಲ್ಲಿಯೇ ನೂರರಲ್ಲಿ ೬೩ ಪಾಲು ಶಾಖವಾಗಿ ಹೋಯಿತು. ಇದು ಯಂತ್ರ ಕಟ್ಟುವವರ ಅಜಾಗರೂಕತೆಯಿಂದ ಆದ ನಷ್ಟವಲ್ಲ. ಒಳ್ಳೆಯ ಕ್ರಿಯಾವರ್ಧಕಗಳು ಇದನ್ನು ತಗ್ಗಿಸಬಲ್ಲುವು, ಇಲ್ಲವಾಗಿಸಲಾರವು.

ತೂಕದ ಲೆಕ್ಕದಲ್ಲಿಯೂ ಇದನ್ನೇ ಹೇಳಬಹುದು. ಒಂದು ಕಿಲೋಗ್ರಾಂ ಜಲಜನಕವನ್ನು ನೀರಿನಿಂದ ಪಡೆಯಲು ಪಂಪು ಮುಂತಾದ ಪರಿಕರಗಳ ಖರ್ಚೂ ಸೇರಿ ಸುಮಾರು ೫೫ ಯೂನಿಟ್ಟು ಬೇಕು. ಅದನ್ನು ಗಾಡಿಯ ತೊಟ್ಟಿಗೆ ಒತ್ತಿ ತುಂಬಲು ಇನ್ನು ಮೂರು ಯೂನಿಟ್ಟು. ಒಟ್ಟು ೫೮. ಇಂಧನ ಕೋಶದ ನಷ್ಟ, ಅದಕ್ಕೆ ಗಾಳಿಯೂಡುವ ಯಂತ್ರದ ಖರ್ಚು, ಮೋಟಾರಿನ ನಷ್ಟ ಎಲ್ಲವನ್ನೂ ಕಳೆದರೆ ಗಾಲಿಗೆ ದೊರೆಯುವುದು ಸುಮಾರು ೧೫ ಯೂನಿಟ್ಟು. ನೂರು ಯೂನಿಟ್ಟು ಹೊರಟರೆ ತಲುಪಿದುದು ಸುಮಾರು ೨೬. ಒಂದೇ ಕೆಲಸಕ್ಕೆ ಜಲಜನಕದ ರೈಲು ತಂತಿಯ ರೈಲಿನ ಮೂರರಷ್ಟು ವಿದ್ಯುತ್ತನ್ನು ಬೇಡುತ್ತದೆ. ಮುಂದಿನ ಮಾತುಗಳೆಲ್ಲಕ್ಕೂ ಈ ‘ಮೂರರಷ್ಟು’ ಎಂಬುದೇ ತಳಹದಿ.

ಹೊರೆಯೂ ಅಪಾಯವೂ

ತೂಕದ ಮಟ್ಟಿಗೆ ಜಲಜನಕಕ್ಕೆ ಸಮನಾದ ಇಂಧನವಿಲ್ಲ. ಒಂದು ಕಿಲೋಗ್ರಾಮಿನಲ್ಲಿ ಸುಮಾರು ೩೩ ಯೂನಿಟ್ಟಿನಷ್ಟು ಶಕ್ತಿಯಿದೆ. ಅಷ್ಟನ್ನು ಕೊಡಲು ಮೂರೂ ಕಾಲು ಲೀಟರಿಗಿಂತ ಹೆಚ್ಚು ಡೀಸೆಲ್ ಬೇಕು. ತೊಡಕಿರುವುದು ಗಾತ್ರದಲ್ಲಿ. ಸಾಧಾರಣ ಒತ್ತಡದಲ್ಲಿ ಒಂದು ಕಿಲೋಗ್ರಾಂ ಜಲಜನಕವು ಹನ್ನೊಂದು ಘನಮೀಟರ್ ಸ್ಥಳವನ್ನು, ಎಂದರೆ ಒಂದು ಸಣ್ಣ ಕೋಣೆಯ ಬಹುಭಾಗವನ್ನು, ಆಕ್ರಮಿಸುತ್ತದೆ. ಆದುದರಿಂದ ಅದನ್ನು ವಾಯುಮಂಡಲದ ಒತ್ತಡದ ೩೫೦ ಪಟ್ಟಿಗೆ ಒತ್ತಿ ಗಟ್ಟಿಯಾದ ತೊಟ್ಟಿಗಳಲ್ಲಿ ಗಾಡಿಯ ಮೇಲ್ಛಾವಣಿಯಲ್ಲಿಯೋ ಒಳಗೋ ಇಡುತ್ತಾರೆ. ಅಷ್ಟು ಒತ್ತಿದರೂ ಕಿಲೋಗ್ರಾಮಿಗೆ ಸುಮಾರು ೪೨ ಲೀಟರ್ ಸ್ಥಳ ಬೇಕು. ದ್ರವವಾಗಿಸಬೇಕಾದರೆ ಸೊನ್ನೆಗಿಂತ ೨೫೩ ಡಿಗ್ರಿ ಕೆಳಗೆ ತಣಿಸಬೇಕು. ಅದು ಇನ್ನೂ ದುಬಾರಿ.

ಅಪಾಯದ ಮಾತನ್ನೂ ಹೇಳಬೇಕು. ೧೯೩೭ರಲ್ಲಿ ಹಿಂಡೆನ್‌ಬರ್ಗ್ ಎಂಬ ಜಲಜನಕದ ವಾಯುನೌಕೆ ಅಮೆರಿಕದಲ್ಲಿ ಹೊತ್ತಿ ಉರಿದು ೩೬ ಮಂದಿ ಸತ್ತರು. ಅಂದಿನಿಂದ ಈ ಅನಿಲದ ಹೆಸರೇ ಅಂಜಿಕೆಯನ್ನು ಹುಟ್ಟಿಸುತ್ತದೆ. ಗಾಳಿಯಲ್ಲಿ ನೂರಕ್ಕೆ ೪ರಿಂದ ೭೫ರವರೆಗಿನ ಯಾವ ಪ್ರಮಾಣದಲ್ಲಿ ಬೆರೆತರೂ ಇದು ಹೊತ್ತಿಕೊಳ್ಳಬಲ್ಲುದೆಂಬುದು ನಿಜ. ಆದರೆ ಇದು ಗಾಳಿಗಿಂತ ಹದಿನಾಲ್ಕು ಪಟ್ಟು ಹಗುರ. ಬಯಲಿನಲ್ಲಿ ಸೋರಿದರೆ ಕ್ಷಣದಲ್ಲಿ ಮೇಲೇರಿ ಚೆದರಿಹೋಗುತ್ತದೆ. ಸುರಂಗದಲ್ಲಿಯೂ ಮುಚ್ಚಿದ ಕಾರ್ಯಾಗಾರದಲ್ಲಿಯೂ ಹಾಗಾಗದು. ಅಲ್ಲಿ ಗಾಳಿಯಾಡುವಿಕೆಗೂ ಸೋರಿಕೆಯನ್ನು ಪತ್ತೆಮಾಡುವ ಉಪಕರಣಗಳಿಗೂ ವಿಶೇಷ ಏರ್ಪಾಡು ಅಗತ್ಯ. ಇನ್ನು ೨೫,೦೦೦ ವೋಲ್ಟಿನ ತಂತಿಯೂ ನಿರುಪದ್ರವಿಯಲ್ಲ. ಎರಡರ ಅಪಾಯವನ್ನೂ ಶಿಸ್ತಿನಿಂದ ಹದ್ದಿನಲ್ಲಿಡಬಹುದು. ಕೇವಲ ಭಯದ ಕಾರಣದಿಂದ ಜಲಜನಕವನ್ನು ತಳ್ಳಿಹಾಕುವುದು ನ್ಯಾಯವಲ್ಲ.

ಘಟ್ಟದ ಲೆಕ್ಕ

ಈ ಅಂಕಿಗಳು ನೆಲದ ಮೇಲೆ ಹೇಗೆ ಕಾಣುವುವೆಂಬುದಕ್ಕೆ ನಮ್ಮ ನಾಡಿನ ಒಂದು ಮಾರ್ಗವನ್ನೇ ತೆಗೆದುಕೊಳ್ಳೋಣ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿನವರೆಗಿನ ಸುಮಾರು ೫೫ ಕಿಲೋಮೀಟರಿನ ಘಟ್ಟದ ಹಾದಿಯಲ್ಲಿ ೫೭ ಸುರಂಗಗಳಿವೆ. ಏರು ಐವತ್ತಕ್ಕೆ ಒಂದರಷ್ಟು ಕಡಿದು. ಈ ಏರಿನಲ್ಲಿ ೧,೦೦೦ ಟನ್ ತೂಕದ ಪ್ರಯಾಣಿಕ ಗಾಡಿಯೊಂದು ೧೦ ಕಿಲೋಮೀಟರ್ ಹತ್ತಿತೆನ್ನೋಣ. ಅದು ೨೦೦ ಮೀಟರ್ ಎತ್ತರಕ್ಕೆ ಏರಿರುತ್ತದೆ. ಗುರುತ್ವಾಕರ್ಷಣೆಯ ವಿರುದ್ಧ ಮಾಡಿದ ಕೆಲಸವೊಂದೇ ಸುಮಾರು ೫೪೫ ಯೂನಿಟ್ಟು.

ತಂತಿಯ ಮೂಲಕವಾದರೆ ಇದಕ್ಕೆ ಸುಮಾರು ೭೦೦ ಯೂನಿಟ್ಟು ಕಳುಹಿಸಿದರೆ ಸಾಕು. ಜಲಜನಕದ ಮೂಲಕವಾದರೆ ೩೬ ಕಿಲೋಗ್ರಾಂ ಅನಿಲ ಬೇಕು. ಅದನ್ನು ತಯಾರಿಸಿ ತುಂಬಲು ೨,೦೦೦ ಯೂನಿಟ್ಟಿಗಿಂತಲೂ ಹೆಚ್ಚು.

ಇಳಿಯುವಾಗಿನ ಸಂಗತಿ ಇನ್ನೂ ಸ್ವಾರಸ್ಯವಾದುದು. ವಿದ್ಯುತ್ ಗಾಡಿ ಇಳಿಜಾರಿನಲ್ಲಿ ಬರುವಾಗ ಅದರ ಮೋಟಾರುಗಳನ್ನೇ ಡೈನಮೋಗಳಂತೆ ನಡೆಸಿ ವೇಗವನ್ನು ತಡೆಯಬಹುದು. ಆಗ ಹುಟ್ಟುವ ವಿದ್ಯುತ್ತು ತಂತಿಗೆ ಹಿಂದಿರುಗಿ, ಎದುರಿನಿಂದ ಏರುತ್ತಿರುವ ಮತ್ತೊಂದು ಗಾಡಿಗೆ ಒದಗುತ್ತದೆ; ಬಾವಿಯ ರಾಟೆಗೆ ಎರಡು ಕೊಡ ಕಟ್ಟಿದಾಗ ಇಳಿಯುವ ಕೊಡ ಏರುವ ಕೊಡಕ್ಕೆ ನೆರವಾಗುವಂತೆ. ರೈಲಿನ ಇಂಧನ ಕೋಶವು ಈ ಮರಳಿದ ವಿದ್ಯುತ್ತನ್ನು ಸ್ವೀಕರಿಸಿ ನೀರನ್ನು ಮತ್ತೆ ಜಲಜನಕವಾಗಿಸಲಾರದು. ಜಲಜನಕದ ಗಾಡಿಯಲ್ಲಿ ಇದಕ್ಕಾಗಿಯೇ ಒಂದು ಬ್ಯಾಟರಿಯನ್ನು ಇಟ್ಟಿರುತ್ತಾರೆ. ಉದ್ದನೆಯ ಘಟ್ಟವನ್ನು ಇಳಿಯುವಾಗ ಅದು ಬೇಗನೆ ತುಂಬಿಹೋಗಿ, ಉಳಿದುದೆಲ್ಲ ಶಾಖವಾಗಿ ವ್ಯರ್ಥವಾಗುತ್ತದೆ. ೨೦೨೫ರ ಕೊನೆಯಲ್ಲಿ ಈ ಘಟ್ಟದ ಮಾರ್ಗಕ್ಕೂ ವಿದ್ಯುತ್ತಂತಿಯನ್ನು ಎಳೆದು ಮುಗಿಸಿದರು. ಸುರಂಗಗಳೊಳಗೆ ತಂತಿಯನ್ನು ತೂಗುಹಾಕುವ ಶ್ರಮ ಎಷ್ಟಿದ್ದರೂ ಆಯ್ಕೆ ಸರಿಯಾದುದೆಂದು ಮೇಲಿನ ಲೆಕ್ಕ ಹೇಳುತ್ತದೆ.

ಕಾಲುವೆಯೂ ನೀರಿನ ಗಾಡಿಯೂ

ಹಾಗಾದರೆ ಜಲಜನಕದ ಮಾತನ್ನು ಇಲ್ಲಿಗೇ ಮುಗಿಸಬಹುದೆ? ಇಲ್ಲ. ಶಕ್ತಿಯ ಲೆಕ್ಕ ಒಂದು, ಹಣದ ಲೆಕ್ಕ ಇನ್ನೊಂದು. ಸಾವಿರ ಎಕರೆ ಗದ್ದೆಗೆ ನೀರುಣಿಸಲು ಕಾಲುವೆಯನ್ನು ತೋಡುತ್ತೇವೆ. ಗುಡ್ಡದಾಚೆಯ ಒಂದು ತೋಟದ ಹತ್ತು ಗಿಡಗಳಿಗಾಗಿ ಯಾರೂ ಕಾಲುವೆ ತೋಡುವುದಿಲ್ಲ. ಪೀಪಾಯಿಗಳಲ್ಲಿ ನೀರು ತುಂಬಿ ಗಾಡಿಯಲ್ಲಿ ಹೊಡೆಯುತ್ತೇವೆ. ದಾರಿಯಲ್ಲಿ ತುಳುಕಿದರೂ ಅದೇ ಅಗ್ಗ. ವಿದ್ಯುತ್ತಂತಿ ಕಾಲುವೆಯಂತೆ, ಜಲಜನಕ ಪೀಪಾಯಿಯಂತೆ. ದಿನಕ್ಕೆ ಒಂದು ಗಾಡಿ ಓಡಿದರೂ ನೂರು ಗಾಡಿ ಓಡಿದರೂ ತಂತಿಗೆ ತಗಲುವ ಬಂಡವಾಳ ಹೆಚ್ಚುಕಡಮೆ ಒಂದೇ.

ಲೆಕ್ಕದ ಅನುಕೂಲಕ್ಕಾಗಿ ಕೆಲವು ಅಂಕಿಗಳನ್ನು ಊಹಿಸಿಕೊಳ್ಳೋಣ. ಬಡ್ಡಿ, ಸವಕಳಿ, ದುರಸ್ತಿ ಎಲ್ಲ ಸೇರಿ ಒಂದು ಕಿಲೋಮೀಟರ್ ತಂತಿಗೆ ವರ್ಷಕ್ಕೆ ೧೨ ಲಕ್ಷ ರೂಪಾಯಿ ತಗಲುವುದೆಂದೂ, ಯೂನಿಟ್ಟಿನ ಬೆಲೆ ೭ ರೂಪಾಯಿಯೆಂದೂ, ಒಂದು ಸಾಧಾರಣ ಪ್ರಯಾಣಿಕ ಗಾಡಿಗೆ ಕಿಲೋಮೀಟರಿಗೆ ಗಾಲಿಯಲ್ಲಿ ೫ ಯೂನಿಟ್ಟು ಬೇಕೆಂದೂ ಇಟ್ಟುಕೊಳ್ಳೋಣ. ತಂತಿಯಲ್ಲಿ ಇದಕ್ಕೆ ಸುಮಾರು ಆರೂವರೆ ಯೂನಿಟ್ಟು, ಜಲಜನಕದಲ್ಲಿ ಹತ್ತೊಂಬತ್ತು ಚಿಲ್ಲರೆ. ವ್ಯತ್ಯಾಸ ೧೩ ಯೂನಿಟ್ಟು, ಸುಮಾರು ೯೦ ರೂಪಾಯಿ. ಹನ್ನೆರಡು ಲಕ್ಷವನ್ನು ತೊಂಬತ್ತರಿಂದ ಭಾಗಿಸಿದರೆ ವರ್ಷಕ್ಕೆ ಹದಿಮೂರು ಸಾವಿರಕ್ಕೂ ಮೇಲ್ಪಟ್ಟು ಗಾಡಿಗಳು, ಎಂದರೆ ದಿನಕ್ಕೆ ಹದಿನೆಂಟು ಜೊತೆ ಗಾಡಿಗಳು ಓಡಿದರೆ ತಂತಿಯ ಖರ್ಚು ವಿದ್ಯುತ್ತಿನ ಉಳಿತಾಯದಿಂದಲೇ ಹುಟ್ಟುತ್ತದೆ. ಇಂಧನ ಕೋಶಗಳು ಕೆಲವು ವರ್ಷಗಳಲ್ಲಿ ಸವೆದು ಅವನ್ನು ಬದಲಿಸಬೇಕಾಗುವುದನ್ನೂ, ತೊಟ್ಟಿಗಳ ಮತ್ತು ಅನಿಲ ತುಂಬುವ ಕೇಂದ್ರದ ಬೆಲೆಯನ್ನೂ ಸೇರಿಸಿದರೆ ಈ ಸಂಖ್ಯೆ ಇನ್ನೂ ಕೆಳಗಿಳಿಯುವುದು. ಅದೇ ಹಾದಿಯಲ್ಲಿ ಭಾರಿ ಸರಕು ಗಾಡಿಗಳೂ ಓಡುವುದಾದರೆ ಮತ್ತಷ್ಟು ಇಳಿಯುವುದು. ಅಂಕಿಗಳನ್ನು ಓದುಗರು ತಮಗೆ ತೋರಿದಂತೆ ಬದಲಾಯಿಸಿಕೊಳ್ಳಬಹುದು; ಲೆಕ್ಕದ ರೀತಿ ಮಾತ್ರ ಬದಲಾಗದು. ಗಾಡಿಗಳು ದಟ್ಟವಾಗಿರುವಲ್ಲಿ ತಂತಿ, ದಿನಕ್ಕೆ ಎರಡು ಮೂರು ಗಾಡಿಗಳಷ್ಟೇ ಓಡುವಲ್ಲಿ ಬೇರೆ ಉಪಾಯ.

ಜರ್ಮನಿಯ ಅನುಭವ

ಈ ‘ಬೇರೆ ಉಪಾಯ’ವನ್ನು ಮೊದಲು ದೊಡ್ಡದಾಗಿ ಪರೀಕ್ಷಿಸಿದವರು ಜರ್ಮನರು. ಅಲ್ಲಿ ಐದರಲ್ಲಿ ಸುಮಾರು ಎರಡು ಪಾಲು ಮಾರ್ಗಗಳಿಗೆ ಇನ್ನೂ ತಂತಿಯಿಲ್ಲ. ಉತ್ತರದ ಲೋವರ್ ಸ್ಯಾಕ್ಸನಿ ರಾಜ್ಯದಲ್ಲಿ ಬುಕ್ಸ್‌ಟೆಹೂಡೆಯಿಂದ ಕುಕ್ಸ್‌ಹಾಫೆನ್ನಿಗೆ ಹೋಗುವ ಸುಮಾರು ೧೦೦ ಕಿಲೋಮೀಟರಿನ ಮಾರ್ಗದಲ್ಲಿ ೨೦೧೮ರ ಸೆಪ್ಟೆಂಬರಿನಲ್ಲಿ ಎರಡು ಜಲಜನಕದ ಗಾಡಿಗಳು ಪ್ರಯಾಣಿಕರನ್ನು ಕೊಂಡೊಯ್ಯತೊಡಗಿದುವು. ಕಟ್ಟಿದವರು ಅಲ್‌ಸ್ಟಾಮ್ ಸಂಸ್ಥೆಯವರು. ೨೦೨೨ರಲ್ಲಿ ಇಂತಹ ೧೪ ಗಾಡಿಗಳ ತಂಡವೇ ಸಿದ್ಧವಾಗಿ, ವರ್ಷಕ್ಕೆ ೧೬ ಲಕ್ಷ ಲೀಟರ್ ಡೀಸೆಲನ್ನು ಉಳಿಸುವ ಗುರಿಯೊಡನೆ ಓಡಾಟಕ್ಕೆ ಬಂದಿತು. ಅದೇ ವರ್ಷ ಈ ಜಾತಿಯ ಗಾಡಿಯೊಂದು ನಡುವೆ ಎಲ್ಲಿಯೂ ಅನಿಲ ತುಂಬಿಸಿಕೊಳ್ಳದೆ ೧,೧೭೫ ಕಿಲೋಮೀಟರ್ ಓಡಿತು. ಅಮೆರಿಕಕ್ಕಾಗಿ ಕಟ್ಟಿದ ಮತ್ತೊಂದು ಜಲಜನಕದ ಗಾಡಿ ೨೦೨೪ರಲ್ಲಿ ಪರೀಕ್ಷಾ ಹಳಿಯ ಮೇಲೆ ೨,೮೦೩ ಕಿಲೋಮೀಟರ್ ಓಡಿತು. ದೂರದ ಓಟದಲ್ಲಿ ಜಲಜನಕದ ಸಾಮರ್ಥ್ಯಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಆದರೂ ೨೦೨೩ರಲ್ಲಿ ಅದೇ ಲೋವರ್ ಸ್ಯಾಕ್ಸನಿಯ ಅಧಿಕಾರಿಗಳು ಮುಂದಿನ ೧೦೨ ಗಾಡಿಗಳನ್ನು ಜಲಜನಕದವುಗಳಾಗಿ ಕೊಳ್ಳದೆ ಬ್ಯಾಟರಿಯವುಗಳಾಗಿ ಕೊಳ್ಳುವುದಾಗಿ ಪ್ರಕಟಿಸಿದರು. ನಡೆಸುವ ವೆಚ್ಚ ಬ್ಯಾಟರಿಯಲ್ಲಿ ಕಡಮೆ ಎಂಬುದೇ ಅವರು ಕೊಟ್ಟ ಕಾರಣ. ದಕ್ಷಿಣದ ಬಾಡೆನ್-ವ್ಯುರ್ಟೆಂಬೆರ್ಗ್ ರಾಜ್ಯವು ೨೦೨೨ರಲ್ಲಿ ಮಾಡಿಸಿದ ಅಧ್ಯಯನದಲ್ಲಿಯೂ ಜಲಜನಕದ ಗಾಡಿಗಳ ದೀರ್ಘಕಾಲದ ವೆಚ್ಚವು ಇತರ ವಿದ್ಯುತ್ ಉಪಾಯಗಳಿಗಿಂತ ನೂರಕ್ಕೆ ೮೦ರವರೆಗೂ ಹೆಚ್ಚಾಗಬಹುದೆಂದು ಕಂಡುಬಂದಿತು. ೨೦೨೫ರಲ್ಲಿ ಇಂಧನ ಕೋಶಗಳ ಬದಲಿ ಭಾಗಗಳು ಸಕಾಲಕ್ಕೆ ದೊರೆಯದೆ ಹಲವು ಗಾಡಿಗಳು ನಿಂತುವು. ಪಟ್ಟಣದ ಪ್ರಯಾಣಿಕನಿಗೆ ಬೇಕಾದುದು ಹೊಸತನವಲ್ಲ, ಬೆಳಗಿನ ಎಂಟು ಗಂಟೆಯ ಗಾಡಿ ಎಂಟಕ್ಕೆ ಬರುವುದು ಎಂಬ ಸಾಮಾನ್ಯ ಸತ್ಯವನ್ನು ಇದು ನೆನಪಿಗೆ ತಂದಿತು.

ಬ್ಯಾಟರಿಯ ಗಾಡಿ ಗೆಲ್ಲಲು ಕಾರಣವೇನು? ಬ್ಯಾಟರಿಗೆ ತುಂಬಿದ ವಿದ್ಯುತ್ತಿನ ಬಹುಪಾಲು ಹಿಂದಕ್ಕೆ ಬರುತ್ತದೆ. ಗಾಲಿಯವರೆಗಿನ ಲೆಕ್ಕದಲ್ಲಿ ನೂರಕ್ಕೆ ೬೫ರಿಂದ ೭೦. ಅದರ ದೌರ್ಬಲ್ಯ ತೂಕ. ಆದುದರಿಂದ ಒಮ್ಮೆ ತುಂಬಿದರೆ ಎಂಬತ್ತೋ ನೂರೋ ಕಿಲೋಮೀಟರ್ ಓಡುವಷ್ಟನ್ನೇ ಇಡುತ್ತಾರೆ. ತಂತಿಯಿರುವ ಭಾಗದಲ್ಲಿ ತಂತಿಯಿಂದ ಓಡುತ್ತ ಬ್ಯಾಟರಿಯನ್ನು ತುಂಬಿಕೊಂಡು, ತಂತಿಯಿಲ್ಲದ ಭಾಗವನ್ನು ಅದರಿಂದ ದಾಟಿ, ಮತ್ತೆ ತಂತಿಯನ್ನು ಸೇರುವುದು ಇದರ ಕ್ರಮ. ಜರ್ಮನಿಯ ಶ್ಲೆಸ್ವಿಗ್-ಹೋಲ್‌ಸ್ಟೈನ್ ರಾಜ್ಯಕ್ಕಾಗಿ ಇಂತಹ ೫೫ ಗಾಡಿಗಳನ್ನು ಕೊಂಡು ೨೦೨೩ರಿಂದ ಓಡಿಸತೊಡಗಿದರು. ಹೀಗೆ ಜಲಜನಕಕ್ಕೆ ಮೀಸಲೆಂದು ಭಾವಿಸಿದ್ದ ಕ್ಷೇತ್ರದ ಬಹುಭಾಗವನ್ನು ಬ್ಯಾಟರಿ ಆಕ್ರಮಿಸಿತು. ತಂತಿಯಿಂದ ಬಹುದೂರವಿದ್ದು, ಗಾಡಿಗಳೂ ವಿರಳವಾಗಿರುವ ಉದ್ದನೆಯ ಮಾರ್ಗಗಳು ಮಾತ್ರ ಜಲಜನಕಕ್ಕೆ ಉಳಿದುವು.

ನಮ್ಮ ದೇಶದಲ್ಲಿ

ನಮ್ಮ ಸ್ಥಿತಿ ಜರ್ಮನಿಯದರಂತಿಲ್ಲ. ಭಾರತದ ಬ್ರಾಡ್‌ಗೇಜ್ ಮಾರ್ಗಗಳಲ್ಲಿ ತಂತಿ ಬಂದಿರುವ ಪಾಲು ೨೦೨೫ರ ವೇಳೆಗೆ ನೂರಕ್ಕೆ ೯೮ನ್ನು ದಾಟಿತು. ಕಾಲುವೆ ಆಗಲೇ ಊರನ್ನು ಸೇರಿದೆ, ಪೀಪಾಯಿಗೆ ಕೆಲಸವೆಲ್ಲಿ?

ಅದಕ್ಕೆ ರೈಲ್ವೆಯವರು ೨೦೨೩ರಲ್ಲಿ ಸೂಚಿಸಿದ ಉತ್ತರ ಬೆಟ್ಟದ ಪಾರಂಪರಿಕ ಮಾರ್ಗಗಳು. ಗಾಡಿಗೆ ೮೦ ಕೋಟಿ ರೂಪಾಯಿಯಂತೆ ೩೫ ಗಾಡಿಗಳು, ನೆಲದ ಮೇಲಿನ ಸೌಕರ್ಯಗಳಿಗೆ ಮಾರ್ಗವೊಂದಕ್ಕೆ ೭೦ ಕೋಟಿ ಎಂಬುದು ಅಂದಿನ ಅಂದಾಜು. ೧೯೦೩ರಲ್ಲಿ ತೆರೆದ ಕಾಲ್ಕಾ-ಶಿಮ್ಲಾ ಮಾರ್ಗದಂತಹ ಕಡೆ ಕಿರಿದಾದ ಸುರಂಗಗಳು, ಕಲ್ಲಿನ ಕಮಾನು ಸೇತುವೆಗಳು. ಅಲ್ಲಿ ಕಂಬ ತಂತಿಗಳನ್ನು ಹಾಕುವುದು ಕಷ್ಟವೂ ಹೌದು, ನೋಟಕ್ಕೆ ಕೇಡೂ ಹೌದು. ಡೀಸೆಲಿನ ಹೊಗೆಯಿಲ್ಲದೆ ಅಲ್ಲಿ ಗಾಡಿಯನ್ನು ಓಡಿಸಲು ಜಲಜನಕವನ್ನು ಬಳಸುವುದಾದರೆ ನಮ್ಮ ಆಕ್ಷೇಪಣೆಯಿಲ್ಲ.

ಮೊದಲ ಪ್ರಯೋಗಕ್ಕೆ ಆರಿಸಿಕೊಂಡುದು ಮಾತ್ರ ಹರಿಯಾಣದ ಬಯಲಿನಲ್ಲಿರುವ ಜೀಂದ್-ಸೋನಿಪತ್ ಮಾರ್ಗ. ಉದ್ದ ೮೯ ಕಿಲೋಮೀಟರ್. ಹಳೆಯ ಡೀಸೆಲ್ ಗಾಡಿಯೊಂದನ್ನು ಮಾರ್ಪಡಿಸಿ, ೧,೨೦೦ ಕಿಲೋವಾಟಿನ ಎರಡು ಚಾಲಕ ಬೋಗಿಗಳೂ ಎಂಟು ಪ್ರಯಾಣಿಕರ ಬೋಗಿಗಳೂ ಇರುವಂತೆ ಕಟ್ಟಿದ್ದಾರೆ. ೨೦೨೫ರ ಜುಲೈಯಲ್ಲಿ ಚೆನ್ನೈಯ ಬೋಗಿ ಕಾರ್ಖಾನೆಯಲ್ಲಿ ಅದರ ಪರೀಕ್ಷೆ ನಡೆಯಿತು. ಅನಿಲಕ್ಕಾಗಿ ಜೀಂದಿನಲ್ಲಿ ಯೋಜಿಸಿದ ವಿದ್ಯುದ್ವಿಭಜನಾ ಘಟಕದ ಸಾಮರ್ಥ್ಯ ೧,೦೦೦ ಕಿಲೋವಾಟ್. ಅದರಿಂದ ದಿನಕ್ಕೆ ನಿರೀಕ್ಷಿಸಿರುವುದು ಸುಮಾರು ೪೩೦ ಕಿಲೋಗ್ರಾಂ ಜಲಜನಕ. ದಿನದ ೨೪,೦೦೦ ಯೂನಿಟ್ಟನ್ನು ೪೩೦ರಿಂದ ಭಾಗಿಸಿದರೆ ಕಿಲೋಗ್ರಾಮಿಗೆ ೫೬ ಯೂನಿಟ್ಟು. ನಾವು ಮೇಲೆ ಹಿಡಿದ ಅಂಕಿಗೆ ಇದು ಬಹಳ ಹತ್ತಿರವಾಗಿದೆ. ಹರಿಯಾಣದ ಬ್ರಾಡ್‌ಗೇಜ್ ಮಾರ್ಗಗಳೆಲ್ಲಕ್ಕೂ ತಂತಿ ಬಂದಿರುವುದರಿಂದ, ಈ ಗಾಡಿಯನ್ನು ಅಗತ್ಯದ ಪೂರೈಕೆಯೆನ್ನುವುದಕ್ಕಿಂತ ಕಲಿಕೆಯ ಪ್ರಯೋಗವೆನ್ನುವುದು ಉಚಿತ. ಕಲಿಕೆಗೂ ಬೆಲೆಯುಂಟು. ಆದರೆ ಕಲಿಕೆಯನ್ನು ಕಲಿಕೆಯೆಂದೇ ಕರೆಯಬೇಕು.

ಕೊನೆಗೆ ಹೊಗೆಯ ಲೆಕ್ಕ. ಗಾಲಿಗೆ ೧೫ ಯೂನಿಟ್ಟು ಕೊಡಲು ಡೀಸೆಲ್ ಇಂಜಿನು ನಾಲ್ಕೂವರೆ ಲೀಟರ್ ಸುಟ್ಟು ಸುಮಾರು ೧೨ ಕಿಲೋಗ್ರಾಂ ಇಂಗಾಲದ ಡೈಆಕ್ಸೈಡನ್ನು ಹೊರಬಿಡುತ್ತದೆ. ಅಷ್ಟೇ ಕೆಲಸಕ್ಕೆ ಒಂದು ಕಿಲೋಗ್ರಾಂ ಜಲಜನಕ ಬೇಕು. ಪ್ರಪಂಚದ ಜಲಜನಕದಲ್ಲಿ ಬಹುಪಾಲು ನೈಸರ್ಗಿಕ ಅನಿಲದಿಂದಲೂ ಕಲ್ಲಿದ್ದಲಿನಿಂದಲೂ ಬರುವುದು. ಅನಿಲದಿಂದ ಮಾಡಿದರೆ ಕಾರ್ಖಾನೆಯಲ್ಲಿಯೇ ೯ರಿಂದ ೧೦ ಕಿಲೋಗ್ರಾಂ ಡೈಆಕ್ಸೈಡು ಹೊರಬರುತ್ತದೆ. ನಮ್ಮ ದೇಶದ ವಿದ್ಯುಜ್ಜಾಲದಲ್ಲಿ ಈಚಿನ ವರ್ಷಗಳಲ್ಲಿ ಯೂನಿಟ್ಟಿಗೆ ಸರಾಸರಿ ೦.೭ ಕಿಲೋಗ್ರಾಂ ಡೈಆಕ್ಸೈಡು ಹೊರಬೀಳುತ್ತಿದೆ. ಆ ವಿದ್ಯುತ್ತಿನಿಂದಲೇ ಜಲಜನಕವನ್ನು ಮಾಡಿದರೆ ೫೮ ಯೂನಿಟ್ಟಿಗೆ ೪೦ ಕಿಲೋಗ್ರಾಂ! ಡೀಸೆಲಿಗಿಂತ ಮೂರು ಪಟ್ಟು ಹೊಗೆ. ಆದರೆ ಪ್ರಯಾಣಿಕನ ಕಣ್ಣಿಗೆ ಕಾಣದಷ್ಟು ದೂರದಲ್ಲಿ. ತಂತಿಯ ರೈಲಿನ ಪಾಲು ಸುಮಾರು ಹದಿಮೂರೂವರೆ. ಅದೂ ಸದ್ಯಕ್ಕೆ ಡೀಸೆಲಿಗಿಂತ ಶುದ್ಧವೇನಲ್ಲ ಎಂಬುದನ್ನು ಮುಚ್ಚಿಡಬಾರದು. ಆದರೆ ಬಿಸಿಲು, ಗಾಳಿ, ನೀರುಗಳಿಂದ ಬರುವ ವಿದ್ಯುತ್ತಿನ ಪಾಲು ಹೆಚ್ಚಿದಂತೆಲ್ಲ, ಗಾಡಿಯ ಒಂದು ಮೊಳೆಯನ್ನೂ ಬದಲಿಸದೆ, ತಂತಿಯ ರೈಲು ತಾನಾಗಿ ಶುದ್ಧವಾಗುತ್ತ ಹೋಗುವುದು. ಕೇವಲ ಬಿಸಿಲಿನ ವಿದ್ಯುತ್ತಿನಿಂದ ಜಲಜನಕವನ್ನು ಮಾಡಿದರೆ ಅದೂ ಶುದ್ಧವೇ. ಆದರೆ ಆ ೫೮ ಯೂನಿಟ್ಟನ್ನು ತಂತಿಗೆ ಕೊಟ್ಟಿದ್ದರೆ ಗಾಲಿಗೆ ೧೫ರ ಬದಲು ೪೫ ದೊರೆಯುತ್ತಿತ್ತು.

ಹಿಂದಿನ ಬೆಂಚಿನ ವಿದ್ಯಾರ್ಥಿಗೆ ನಾವು ಈಗ ಹೀಗೆ ಉತ್ತರಿಸುತ್ತೇವೆ: ರೈಲು ನೀರಿನಿಂದ ಓಡುವುದಿಲ್ಲ, ನೀರನ್ನು ಒಡೆಯಲು ವೆಚ್ಚಮಾಡಿದ ವಿದ್ಯುತ್ತಿನಿಂದ ಓಡುತ್ತದೆ. ಜಲಜನಕದ ಹೊಸ ಗಾಡಿಯ ಸುದ್ದಿಯನ್ನು ಓದಿದಾಗಲೆಲ್ಲ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಿ. ಆ ಜಲಜನಕ ಎಲ್ಲಿಂದ ಬಂದಿತು? ಆ ಹಾದಿಯಲ್ಲಿ ದಿನಕ್ಕೆ ಎಷ್ಟು ಗಾಡಿಗಳು ಓಡುತ್ತವೆ? ಅತ್ಯಂತ ಸಮೀಪದ ವಿದ್ಯುತ್ತಂತಿ ಎಷ್ಟು ದೂರದಲ್ಲಿದೆ? ಈ ಮೂರಕ್ಕೂ ಉತ್ತರ ದೊರೆತರೆ, ಆ ಮಾರ್ಗಕ್ಕೆ ತಂತಿಯೋ, ಬ್ಯಾಟರಿಯೋ, ಜಲಜನಕವೋ ಎಂಬುದನ್ನು ಒಂದು ಹಾಳೆ ಕಾಗದದ ಮೇಲೆ ಯಾರು ಬೇಕಾದರೂ ಲೆಕ್ಕಹಾಕಿ ನೋಡಬಹುದು.